ಭಾನುವಾರ ಬೆಳಿಗ್ಗೆ ನಾಲ್ಕು ಜನ ಗೆಳೆಯರು ತಿಂಡಿಗೆ ಬರುತ್ತಾರೆ, ಒಬ್ಬಳಿಗೆ ಗೋಧಿ ಆಗುವುದಿಲ್ಲ. ಏನು ಮಾಡಲಿ?

ಸಾಗರದ ಹುಡುಗಿ (ಮ್ಯೂನಿಕ್)
ಎಲ್ಲರಿಗೂ ನಮಸ್ಕಾರ. ನಾನು ಮ್ಯೂನಿಕ್‌ಗೆ ಬಂದು ಮೂರು ವರ್ಷ ಆಯ್ತು. ಇಲ್ಲಿ ನನಗೆ ತುಂಬಾ ಹತ್ತಿರದವರು ನಾಲ್ಕು ಜನ. ಒಬ್ಬಳು ಕಲೋನ್ ಕಡೆಯ ಜರ್ಮನ್ ಹುಡುಗಿ, ಒಬ್ಬ ಟರ್ಕಿಯವನು, ಒಬ್ಬಳು ಉತ್ತರ ನೈಜೀರಿಯಾದವಳು, ಇನ್ನೊಬ್ಬ ಮಧುರೈ ಹುಡುಗ. ನವೆಂಬರ್‌ನಲ್ಲಿ ನಾನು ಜ್ವರದಿಂದ ಹತ್ತು ದಿನ ಮಲಗಿದ್ದೆ. ಆಗ ಸರದಿ ಹಾಕಿಕೊಂಡು ಬಂದು ಸೂಪು, ಗಂಜಿ ಮಾಡಿಕೊಟ್ಟವರು ಇವರೇ. ಅವರನ್ನು ಒಂದು ಭಾನುವಾರ ಬೆಳಿಗ್ಗೆ ಮನೆಗೆ ಕರೆದು ನಮ್ಮ ತಿಂಡಿ ಬಡಿಸಬೇಕು ಅಂತ ಆಸೆ. ರಾತ್ರಿ ಊಟಕ್ಕೆ ಯಾರು ಬೇಕಾದರೂ ಕರೆಯುತ್ತಾರೆ. ಬೆಳಿಗ್ಗೆ ತಿಂಡಿಗೆ ಬರುವವರು ಮನೆಯವರ ಹಾಗೆ, ಅಲ್ವಾ?

ತೊಂದರೆ ಏನೆಂದರೆ, ಈ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬುತ್ತಿಲ್ಲ. ಮನೆಯೊಳಗೆ 19 ಡಿಗ್ರಿ. ಎರಡು ಸಲ ಮಾಡಿದೆ, ಎರಡು ಸಲವೂ ಇಡ್ಲಿ ಕಲ್ಲಿನ ಹಾಗೆ ಬಂತು. ಅದಕ್ಕಿಂತ ದೊಡ್ಡ ವಿಷಯ, ಜರ್ಮನ್ ಗೆಳತಿಗೆ ಸೀಲಿಯಾಕ್ ಕಾಯಿಲೆ ಇದೆ, ಗೋಧಿ ಮುಟ್ಟುವ ಹಾಗಿಲ್ಲ. ಇದು ಗೊತ್ತಿಲ್ಲದೆ ಹೋದ ವರ್ಷ ಆಫೀಸಿಗೆ ಉಪ್ಪಿಟ್ಟು ಮಾಡಿಕೊಂಡು ಹೋಗಿದ್ದೆ. ಎಲ್ಲರೂ ತಿಂದರು, ಅವಳು ಕಪ್ಪು ಕಾಫಿ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದಳು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಈ ಸಲ ಹಾಗೆ ಆಗಬಾರದು. ದಯವಿಟ್ಟು ಹೇಳಿ.

ಬೆಣ್ಣೆ ಖಾಲಿ (ದಾವಣಗೆರೆ)
ಬೆಣ್ಣೆ ದೋಸೆ. ಇದರಲ್ಲಿ ಯೋಚನೆ ಮಾಡೋದು ಏನಿದೆ?

ಕೆಮ್ಮಣ್ಣು (ಎಡಿನ್‌ಬರಾ)
ಹಿಟ್ಟು ಉಬ್ಬುವುದಿಲ್ಲ ಅಂದರೆ ರವೆ ಇಡ್ಲಿ ಮಾಡಿ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಅಕ್ಕಿಗೆ ಬರ ಬಂದಾಗ ಬೆಂಗಳೂರಿನ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಲು ಶುರು ಮಾಡಿದರಂತೆ. ಮೊಸರು, ರವೆ, ಒಗ್ಗರಣೆ, ಕೊನೆಗೆ ಈನೋ. ಅರ್ಧ ಗಂಟೆಯ ಕೆಲಸ. ಇಲ್ಲಿ ನನ್ನ ಮನೆಗೆ ಯಾರೇ ಬಂದರೂ ಅದೇ.

ಪಥ್ಯದ ಅಡುಗೆ (ಬೆಳಗಾವಿ)
ಕೆಮ್ಮಣ್ಣು ಅವರೇ, ರವೆ ಅಂದರೆ ಗೋಧಿಯೇ! ದಯವಿಟ್ಟು ಅದನ್ನು ಆ ಹುಡುಗಿಗೆ ಕೊಡಬೇಡಿ.

ನಾನು ಆಸ್ಪತ್ರೆಯಲ್ಲಿ ಪಥ್ಯದ ಊಟದ ಸಲಹೆ ಕೊಡುವ ಕೆಲಸದಲ್ಲಿದ್ದೇನೆ. ಸೀಲಿಯಾಕ್ ಅಂದರೆ ಸುಮ್ನೆ "ಗೋಧಿ ಒಗ್ಗಲ್ಲ" ಅನ್ನುವುದಲ್ಲ. ಗೋಧಿ, ಬಾರ್ಲಿ, ರೈ ಇವುಗಳಲ್ಲಿರುವ ಗ್ಲುಟೆನ್ ಒಳಗೆ ಹೋದರೆ ಮೈಯ ರೋಗನಿರೋಧಕ ಶಕ್ತಿಯೇ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಜೀವನ ಪೂರ್ತಿ ಅದನ್ನು ಬಿಡುವುದೊಂದೇ ದಾರಿ. ಒಂದು ಚೂರು ಬ್ರೆಡ್ ಪುಡಿ ಕೂಡ ಬೇಡ. ಯುರೋಪಿನಲ್ಲಿ ಗ್ಲುಟೆನ್ ಇಲ್ಲ ಅಂತ ಬರೆಯಬೇಕಾದರೆ ಆ ಪದಾರ್ಥದಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಅಂತ ನಿಯಮ ಇದೆ. ಎಷ್ಟು ಕಡಿಮೆ ಅಂತ ನೀವೇ ನೋಡಿ.

ಸಾಗರದ ಹುಡುಗಿ, ನಿಮ್ಮ ಇಂಗಿನ ಡಬ್ಬಿ ತೆಗೆದು ಹಿಂದೆ ಏನು ಬರೆದಿದೆ ನೋಡಿ.

ಕೆಮ್ಮಣ್ಣು (ಎಡಿನ್‌ಬರಾ)
ತಪ್ಪಾಯ್ತು ಮೇಡಂ. ಅವಸರದಲ್ಲಿ ಬರೆದುಬಿಟ್ಟೆ. ತಿದ್ದಿದ್ದು ಒಳ್ಳೆಯದಾಯ್ತು.

ಸಾಗರದ ಹುಡುಗಿ (ಮ್ಯೂನಿಕ್)
ಇಂಗಿನ ಡಬ್ಬಿ ನೋಡಿದೆ. "ಗೋಧಿ ಹಿಟ್ಟು" ಅಂತ ಸ್ಪಷ್ಟವಾಗಿ ಬರೆದಿದೆ! ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಸಾಂಬಾರಿಗೆ ಹಾಕಿಯೇ ಬಿಡುತ್ತಿದ್ದೆ. ತುಂಬಾ ಥ್ಯಾಂಕ್ಸ್.

ಪಥ್ಯದ ಅಡುಗೆ (ಬೆಳಗಾವಿ)
ಅಂಗಡಿಯ ಇಂಗು ಹೆಚ್ಚಾಗಿ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿದ್ದೇ. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಹುಡುಕಬೇಕು. ಸಿಗದಿದ್ದರೆ ಅವತ್ತು ಇಂಗು ಬಿಡಿ. ಇನ್ನೂ ಒಂದು. ಚಪಾತಿ ಬೇಯಿಸಿದ ಕಾವಲಿ, ಚಪಾತಿ ಹಿಟ್ಟು ಮುಟ್ಟಿದ ಮರದ ಸೌಟು, ಲಟ್ಟಣಿಗೆ ಇವೆಲ್ಲ ದೂರ ಇಡಿ. ಕಬ್ಬಿಣದ ಕಾವಲಿಯನ್ನು ತಿಕ್ಕಿ ತೊಳೆದರೂ ನಂಬುವ ಹಾಗಿಲ್ಲ. ಉಳಿದವರಿಗೂ ಸಾಸಿವೆ, ಗೋಡಂಬಿ, ಶೇಂಗಾ, ಎಳ್ಳು ಆಗುತ್ತದಾ ಅಂತ ಒಂದು ಮಾತು ಕೇಳಿ.

ಚಿಗುರು (ಟೊರೊಂಟೊ)
ಸಾಸಿವೆಗೂ ಅಲರ್ಜಿ ಇರುತ್ತಾ? ಇದೇ ಮೊದಲು ಕೇಳಿದ್ದು.

ಕೆಮ್ಮಣ್ಣು (ಎಡಿನ್‌ಬರಾ)
ಇರುತ್ತೆ. ಯುರೋಪಿನಲ್ಲಿ ಪ್ಯಾಕೆಟ್ ಮೇಲೆ ತಿಳಿಸಲೇಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ಸಾಸಿವೆ ಒಂದು. ಅಮೆರಿಕದ ಪಟ್ಟಿಯಲ್ಲಿ 9 ಇವೆ, ಅದರಲ್ಲಿ ಸಾಸಿವೆ ಇಲ್ಲ. ಎಳ್ಳು ಅಲ್ಲಿ 2023ರಿಂದ ಸೇರಿದೆ.

ಚಿಗುರು (ಟೊರೊಂಟೊ)
ಹಿಟ್ಟಿನ ವಿಷಯ ನಾನು ಹೇಳ್ತೀನಿ. ನಮ್ಮಲ್ಲಿ ಜನವರಿ ಅಂದರೆ ಹೊರಗೆ ಮೈನಸ್ 15. ಆದರೂ ನಮ್ಮನೆಯಲ್ಲಿ ವಾರಕ್ಕೊಮ್ಮೆ ಇಡ್ಲಿ ಆಗುತ್ತದೆ. ಓವನ್ ಹಚ್ಚಬೇಡಿ, ಬರೀ ಒಳಗಿನ ದೀಪ ಹಾಕಿ ಪಾತ್ರೆ ಇಡಿ. 12 ಗಂಟೆ, ಬೇಕಾದರೆ 14. ಅದೂ ಆಗದಿದ್ದರೆ ಇನ್‌ಸ್ಟಂಟ್ ಪಾಟ್ ಅನ್ನುವ ಕರೆಂಟ್ ಕುಕ್ಕರಿನ ಮೊಸರಿನ ಬಟನ್ ಒತ್ತಿ 10 ಗಂಟೆ ಬಿಡಿ. ಮತ್ತೆ ಹಿಟ್ಟನ್ನು ಕೈಯಿಂದಲೇ ಕಲಸಬೇಕು. ಸೌಟಿನಿಂದ ಕಲಸಿದರೆ ಹುಳಿ ಬರುವುದೇ ಇಲ್ಲ.

ರುಬ್ಬುಗುಂಡು (ಡೆಟ್ರಾಯ್ಟ್)
ಕೈಯಿಂದ ಕಲಸುವ ಮಾತು ನಾನು ಒಪ್ಪಲ್ಲ. ಹುಳಿ ಬರಿಸುವ ಬ್ಯಾಕ್ಟೀರಿಯಾ ಉದ್ದಿನಬೇಳೆ, ಅಕ್ಕಿಯ ಮೇಲೇ ಇರುತ್ತವೆ. ಅವು ಬಿಡುವ ಗಾಳಿಯನ್ನು ಉದ್ದಿನ ಅಂಟು ಹಿಡಿದಿಟ್ಟುಕೊಳ್ಳುವುದರಿಂದಲೇ ಹಿಟ್ಟು ಉಬ್ಬುವುದು. ಅದಕ್ಕೆ ಬೇಕಾದ್ದು ಬೆಚ್ಚಗಿನ ಜಾಗ, 28ರಿಂದ 32 ಡಿಗ್ರಿ. ನಾನು ಹತ್ತು ವರ್ಷದಿಂದ ಸೌಟಿನಲ್ಲೇ ಕಲಸುತ್ತಿದ್ದೇನೆ, ಒಂದು ಸಲವೂ ಕೈ ಕೊಟ್ಟಿಲ್ಲ.

ಚಿಗುರು (ಟೊರೊಂಟೊ)
ನಮ್ಮ ಅಜ್ಜಿ ಕೈಯಲ್ಲೇ ಕಲಸುತ್ತಿದ್ದರು. ಅವರ ಇಡ್ಲಿಯ ಮುಂದೆ ನಿಮ್ಮ ಬ್ಯಾಕ್ಟೀರಿಯಾ ಲೆಕ್ಕ ನಿಲ್ಲಲ್ಲ ಬಿಡಿ.

ರುಬ್ಬುಗುಂಡು (ಡೆಟ್ರಾಯ್ಟ್)
ಅಜ್ಜಿಯ ಇಡ್ಲಿ ಚೆನ್ನಾಗಿದ್ದಿದ್ದು ಅವರು ಉದ್ದನ್ನು ಒರಳಲ್ಲಿ ನಿಧಾನವಾಗಿ ರುಬ್ಬುತ್ತಿದ್ದರಿಂದ ಅಂತ ನನ್ನ ಅಭಿಪ್ರಾಯ. ಮಿಕ್ಸಿ ಬಿಸಿಯಾದರೆ ಉದ್ದಿನ ಒದಗು ಹೋಗುತ್ತದೆ. ಐಸ್ ನೀರು ಹಾಕಿ ರುಬ್ಬಿ.

ಅಂದಹಾಗೆ ಅಮೆರಿಕಕ್ಕೆ ಬರುವವರು ಊರಿಂದ ಮಿಕ್ಸಿ ಹೊತ್ತು ತರಬೇಡಿ. ಇಲ್ಲಿ 120 ವೋಲ್ಟ್, ನಮ್ಮದು 230. ಸರಿಯಾಗಿ ತಿರುಗುವುದೇ ಇಲ್ಲ. ಇಲ್ಲಿಯ ವೋಲ್ಟ್‌ಗೆ ಮಾಡಿದ್ದೇ ಕೊಳ್ಳಬೇಕು.

ಕಣಿವೆ ಕಡೆಯವ (ಸ್ಟುಟ್‌ಗಾರ್ಟ್)
ಜರ್ಮನಿಯಲ್ಲಿ ಆ ತೊಂದರೆ ಇಲ್ಲ, ಇಲ್ಲೂ 230. ಪ್ಲಗ್ ಒಂದು ಬದಲಾಯಿಸಿದರೆ ಸಾಕು. ಆದರೆ ಸಾಗರದ ಹುಡುಗಿಗೆ ಒಂದು ಮಾತು. ಭಾನುವಾರ ಬೆಳಿಗ್ಗೆ ಚಟ್ನಿ ರುಬ್ಬಲು ಹೋಗಬೇಡಿ. ಇಲ್ಲಿ ಭಾನುವಾರ ಇಡೀ ದಿನ ಸದ್ದು ಮಾಡಬಾರದ ಹೊತ್ತು, ಬಾಕಿ ದಿನ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ. ನಾನು ಬಂದ ಹೊಸತರಲ್ಲಿ ಭಾನುವಾರ ಏಳು ಗಂಟೆಗೆ ಮಿಕ್ಸಿ ಹಾಕಿದ್ದೆ, ಕೆಳಗಿನ ಮನೆಯ ಅಜ್ಜಿ ಮೇಲೆ ಬಂದರು. ಬೇಸರ ಆಗಿತ್ತು ಅವರಿಗೆ. ಸಂಜೆ ಕ್ಷಮೆ ಕೇಳಿ ಒಂದು ಬಟ್ಟಲು ಕೇಸರಿಬಾತ್ ಕೊಟ್ಟು ಬಂದೆ. ಈಗ ಯುಗಾದಿಗೆ ಅವರ ಬಟ್ಟಲು ನಮ್ಮನೆಗೆ ಬರುತ್ತದೆ, ಅವರೇ ಮಾಡಿದ ಕೇಕ್ ಇಟ್ಟುಕೊಂಡು. ಏನಿದ್ದರೂ ಶನಿವಾರ ಸಂಜೆಯೇ ರುಬ್ಬಿಡಿ.

ಅರಬ್ಬಿ ಗಾಳಿ (ದುಬೈ)
ನಿಮ್ಮ ಮಾತು ಕೇಳಿ ನನ್ನ ಹಳೆಯ ರೂಮ್ ನೆನಪಾಯ್ತು. ಕರಾಮಾದಲ್ಲಿ ಒಂದು ಫ್ಲಾಟ್, ಆರು ಜನ. ಇಬ್ಬರು ಮಂಗಳೂರು, ಒಬ್ಬ ಭಟ್ಕಳ, ಒಬ್ಬ ಕೇರಳ, ಒಬ್ಬ ಪೇಶಾವರ, ನಾನು ರಾಯಚೂರು. 2022ರ ಜನವರಿಗೆ ಮುಂಚೆ ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ಬೆಳಿಗ್ಗೆ ತಿಂಡಿ ನನ್ನ ಪಾಳಿ. ಮಂಡಕ್ಕಿ ನೆನೆಸಿ, ಹಿಂಡಿ, ಈರುಳ್ಳಿ ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ ಹಿಟ್ಟು ಉದುರಿಸುತ್ತಿದ್ದೆ. ಒಗ್ಗರಣೆ ಮಂಡಕ್ಕಿ ಅಂದರೆ ನಿಮಗೆ ಗೊತ್ತಲ್ಲ, ಒಲೆಯಿಂದ ಇಳಿಸಿ ಹತ್ತು ನಿಮಿಷ ಆದರೆ ರುಚಿ ಹೋಯ್ತು. ಹಾಗಾಗಿ ಎಲ್ಲರನ್ನೂ ಎಬ್ಬಿಸಿ ಕೂರಿಸಿ ಆಮೇಲೆ ಮಂಡಕ್ಕಿ ಕಲಸುತ್ತಿದ್ದೆ. ನೆಲದ ಮೇಲೆ ಹಳೆಯ ಪೇಪರ್ ಹಾಸಿ, ನಡುವೆ ದೊಡ್ಡ ತಟ್ಟೆ ಇಟ್ಟು, ಸುತ್ತ ಆರು ಜನ. ಪೇಶಾವರದವನು ಮಿರ್ಚಿ ಬಜ್ಜಿಯ ಮೆಣಸಿನಕಾಯಿ ಬೀಜ ತೆಗೆಯುವುದನ್ನು ನನಗಿಂತ ಚೆನ್ನಾಗಿ ಕಲಿತಿದ್ದ. ಅವನು ಊರಿಗೆ ವಾಪಸ್ ಹೋದ. ಈಗಲೂ ಶುಕ್ರವಾರ ಫೋನ್ ಮಾಡಿದರೆ "ಇವತ್ತು ಯಾರು ಮಾಡಿದರು?" ಅಂತಲೇ ಕೇಳುತ್ತಾನೆ.

ಬೆಣ್ಣೆ ಖಾಲಿ (ದಾವಣಗೆರೆ)
ಮಂಡಕ್ಕಿ ಅಂದರೆ ದಾವಣಗೆರೆ ಅಣ್ಣ, ರಾಯಚೂರು ಯಾವಾಗ ಆಯ್ತು?

ಅರಬ್ಬಿ ಗಾಳಿ (ದುಬೈ)
ನಮ್ಮಲ್ಲಿ ಸುಸಲಾ ಅಂತೀವಿ. ಮಂಡಕ್ಕಿ ಯಾವ ಊರಿಗೂ ಬರೆದುಕೊಟ್ಟಿಲ್ಲ ತಮ್ಮಾ.

ಒಂದು ಚಿಟಿಕೆ (ಹಾಸನ)
ಎಲ್ಲರೂ ಉಪ್ಪಿಟ್ಟನ್ನು ಯಾಕೆ ಬಿಟ್ಟುಬಿಟ್ಟಿರಿ? ಈ ಗೆಳತಿಗೆ ಬೇಡ, ಸರಿ. ಆದರೆ ಉಳಿದವರು ಹೊರದೇಶದಲ್ಲಿ ಉಪ್ಪಿಟ್ಟು ಮಾಡಿ ಕೆಟ್ಟಿತು ಅಂತ ಬೈಯುವುದು ಕೇಳಿ ಸಾಕಾಗಿದೆ. ರವೆ ತಪ್ಪು ತಂದಿರುತ್ತೀರಿ.

ಕಣಿವೆ ಕಡೆಯವ (ಸ್ಟುಟ್‌ಗಾರ್ಟ್)
ನಿಜ. ಜರ್ಮನ್ ಅಂಗಡಿಯಲ್ಲಿ ಎರಡು ಥರ ಗ್ರೀಸ್, ಅಂದರೆ ರವೆ, ಇರುತ್ತದೆ. ವೈಶ್‌ವೈತ್ಸೆನ್ ಅಂತ ಬರೆದಿದ್ದು ಮೆತ್ತನೆಯ ಗೋಧಿಯದು, ಗಂಜಿಯ ಹಾಗೆ ಆಗುತ್ತದೆ. ಹಾರ್ಟ್‌ವೈತ್ಸೆನ್ ಅಂತ ಇದ್ದರೆ ಗಟ್ಟಿ ಗೋಧಿ, ಅದನ್ನು ಹದವಾಗಿ ಹುರಿದರೆ ಉಪ್ಪಿಟ್ಟು ಉದುರುದುರಾಗಿ ಬರುತ್ತದೆ.

ಕುಂದಗನ್ನಡ (ಮೆಲ್ಬರ್ನ್)
ಇಷ್ಟೊತ್ತು ಓದುತ್ತಾ ಕೂತಿದ್ದೆ. ನೀರು ದೋಸೆ ಅಂತ ಒಬ್ಬರೂ ಹೇಳಲಿಲ್ಲ! ಉದ್ದು ಬೇಡ, ಹುಳಿ ಬರುವುದು ಬೇಡ, ಚಳಿಯ ತಲೆನೋವಿಲ್ಲ. ಅಕ್ಕಿ, ಕಾಯಿ, ಉಪ್ಪು, ನೀರು. ಗೋಧಿಯ ಸುಳಿವೇ ಇಲ್ಲ. ಐದು ಜನಕ್ಕೆ ಎರಡೂವರೆ ಲೋಟ ಸೋನಾ ಮಸೂರಿ ನಾಲ್ಕು ಗಂಟೆ ನೆನೆಸಿ. ಒಂದು ಲೋಟ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ನೀರು ಸೇರಿಸಿ ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ.

ಮುಖ್ಯ ವಿಷಯ, ಅಕ್ಕಿ ತಳಕ್ಕೆ ಇಳಿಯುತ್ತಲೇ ಇರುತ್ತದೆ. ಪ್ರತಿ ಸಲ ಸೌಟು ತಳಕ್ಕೆ ಮುಟ್ಟಿಸಿ ಕದಡಿ ಆಮೇಲೆ ಹೊಯ್ಯಿ. ಇಲ್ಲದಿದ್ದರೆ ಮೊದಲ ದೋಸೆ ನೀರು, ಕೊನೆಯದು ರೊಟ್ಟಿ. ಕಾವಲಿ ಚೆನ್ನಾಗಿ ಕಾದಿರಬೇಕು. ಹೊಯ್ದ ತಕ್ಷಣ ಚೊಂಯ್ ಅಂದು ತೂತು ಬೀಳಬೇಕು. ಮುಚ್ಚಿ, ಮಗುಚಬೇಡಿ.

ಸಾಗರದ ಹುಡುಗಿ (ಮ್ಯೂನಿಕ್)
ಅಯ್ಯೋ, ಇದು ನಮ್ಮ ತೆಳ್ಳೇವು! ನಮ್ಮನೆಯಲ್ಲಿ ದಿನ ಬಿಟ್ಟು ದಿನ ಮಾಡುತ್ತಿದ್ದರು. ದಿನದ ತಿಂಡಿ ಅಂತಲೇ ಏನೋ ನನಗೆ ಹೊಳೆಯಲೇ ಇಲ್ಲ. ಅತಿಥಿಗಳಿಗೆ ಇಡ್ಲಿಯೇ ಆಗಬೇಕು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು.

ಕುಂದಗನ್ನಡ (ಮೆಲ್ಬರ್ನ್)
ತೆಳ್ಳೇವು ಅಂದರೆ ನೀರು ದೋಸೆಯೇ. ಹೆಸರು ಮಾತ್ರ ಬೇರೆ.

ಅಡಿಕೆ ಚಪ್ಪರ (ಶಿರಸಿ)
ಒಂದೇ ಅಲ್ಲ. ನಮ್ಮಲ್ಲಿ ಕಾಯಿ ಹಾಕದೆಯೂ ತೆಳ್ಳೇವು ಮಾಡುತ್ತೇವೆ. ಸೌತೆಕಾಯಿ ತುರಿದು ಹಾಕಿದ್ದಂತೂ ಇನ್ನೂ ರುಚಿ, ಮೆತ್ತಗೆ ಇರುತ್ತದೆ. ಅಲ್ಲಿ ಒಳ್ಳೆ ಕಾಯಿ ಸಿಗದಿದ್ದರೆ ಅದನ್ನೇ ಮಾಡಿ. ಮೊದಲ ತೆಳ್ಳೇವು ಎದ್ದು ಬರದಿದ್ದರೆ ಗಾಬರಿ ಆಗಬೇಡಿ, ಅರ್ಧ ಈರುಳ್ಳಿಗೆ ಎಣ್ಣೆ ಮುಟ್ಟಿಸಿ ಕಾವಲಿಗೆ ಉಜ್ಜಿ.

ಕುಂದಗನ್ನಡ (ಮೆಲ್ಬರ್ನ್)
ಕಾಯಿ ಇಲ್ಲದೆ ನೀರು ದೋಸೆ ನಾನಂತೂ ಒಪ್ಪಲ್ಲ. ಸೌತೆಕಾಯಿ ಮಾತು ಒಪ್ಪಿದೆ.

ಚಿಗುರು (ಟೊರೊಂಟೊ)
ಚಟ್ನಿಗೆ ಕರಿಬೇವು ಇದೆಯಾ? ಊರಿಂದ ಯಾರಾದರೂ ಬರುವವರಿದ್ದರೆ ಸೂಟ್‌ಕೇಸಿನಲ್ಲಿ ಒಂದು ಕಟ್ಟು ತರಿಸಿಕೊಳ್ಳಿ.

ಕಣಿವೆ ಕಡೆಯವ (ಸ್ಟುಟ್‌ಗಾರ್ಟ್)
ಬೇಡ! 2019ರ ಡಿಸೆಂಬರ್ 14ರಿಂದ ಯುರೋಪಿಗೆ ಹಸಿ ಸೊಪ್ಪು, ಹಣ್ಣು, ತರಕಾರಿ ತರಬೇಕಾದರೆ ಗಿಡದ ಆರೋಗ್ಯದ ಸರ್ಟಿಫಿಕೇಟ್ ಬೇಕು. ಬಿಟ್ಟಿರುವುದು ಐದೇ: ಅನಾನಸ್, ತೆಂಗಿನಕಾಯಿ, ಡುರಿಯನ್, ಬಾಳೆಹಣ್ಣು, ಖರ್ಜೂರ. ಮನೆಯ ತುಪ್ಪವೂ ತರುವ ಹಾಗಿಲ್ಲ, ಹಾಲಿನ ಪದಾರ್ಥ. ತೆಂಗಿನಕಾಯಿ ಧಾರಾಳವಾಗಿ ತನ್ನಿ.

ರುಬ್ಬುಗುಂಡು (ಡೆಟ್ರಾಯ್ಟ್)
ಅಮೆರಿಕಕ್ಕೂ ತರಬೇಡಿ. ಕಿತ್ತಳೆ, ನಿಂಬೆ ತೋಟಗಳನ್ನು ಹಾಳು ಮಾಡುವ ರೋಗವನ್ನು ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಅದಕ್ಕೇ ಇಷ್ಟು ಬಿಗಿ. ಒಂದು ಕಟ್ಟು ಸೊಪ್ಪಿಗಾಗಿ ಯಾರದೋ ತೋಟ ಹಾಳಾಗಬಾರದು.

ಪಡಸಾಲೆ (ಬಾಸೆಲ್)
ನನ್ನ ಸಲಹೆ ಬೇರೆ. ಖಾರ ಪೂರ್ತಿ ಬಿಡಿ. ದೋಸೆಗಳನ್ನು ಮುಂಚೆಯೇ ಮಾಡಿ ಹಾಟ್‌ಬಾಕ್ಸಿನಲ್ಲಿಟ್ಟು ಎಲ್ಲರ ಜೊತೆ ಕೂತು ತಿನ್ನಿ. ಇಲ್ಲದಿದ್ದರೆ ನೀವು ಒಲೆ ಮುಂದೆ, ಅವರು ಟೇಬಲ್ ಮುಂದೆ. ಬಂದವರಿಗೂ ಮುಜುಗರ.

ಕುಂದಗನ್ನಡ (ಮೆಲ್ಬರ್ನ್)
ಹಾಟ್‌ಬಾಕ್ಸಿನಲ್ಲಿ ನೀರು ದೋಸೆ ಬೆವರಿ ಒಂದಕ್ಕೊಂದು ಅಂಟಿಕೊಂಡು ಮುದ್ದೆ ಆಗುತ್ತದೆ. ಕಾವಲಿಯಿಂದ ತಟ್ಟೆಗೆ ಬೀಳಬೇಕು. ಅವರನ್ನೇ ಅಡುಗೆಮನೆಗೆ ಕರೆಯಿರಿ. ಸಣ್ಣದಿದ್ದರೆ ಇನ್ನೂ ಒಳ್ಳೆಯದು, ಎಲ್ಲರೂ ಒಲೆ ಸುತ್ತ ನಿಲ್ಲುತ್ತಾರೆ.

ಪಡಸಾಲೆ (ಬಾಸೆಲ್)
ಎಲ್ಲರಿಗೂ ನಿಂತು ತಿನ್ನುವುದು ಇಷ್ಟ ಆಗುತ್ತದಾ? ನನ್ನ ಅನುಭವದಲ್ಲಿ ಇಲ್ಲ.

ಮಗನ ದಾರಿ (ಮೈಸೂರು)
ನನ್ನ ಮಗ ಡಬ್ಲಿನ್‌ನಲ್ಲಿದ್ದಾನೆ. ಭಾನುವಾರ ಅವನ ಗೆಳೆಯರು ಬರುತ್ತಾರೆ, ವಿಡಿಯೊ ಕಾಲ್ ಮಾಡಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಡುತ್ತಾನೆ. ನನಗೆ ಕಾಣುವುದು ಕಾವಲಿ ಮತ್ತು ನಾಲ್ಕೈದು ಕೈಗಳು, ಅಷ್ಟೇ. ಯಾರ ಮುಖವೂ ಪೂರ್ತಿ ಕಾಣುವುದಿಲ್ಲ. ಒಬ್ಬ ಹುಡುಗನ ಕೈಯಲ್ಲಿ ನೀಲಿ ದಾರ ಇದೆ, ಅವನಿಗೆ ಚಟ್ನಿ ಜಾಸ್ತಿ ಬೇಕು ಅಂತ ನನಗೆ ಗೊತ್ತು. ಮಗಳೇ, ಒಲೆ ಮುಂದೆ ನಿಂತು ಬಡಿಸು. ಖಾರದ ಚಟ್ನಿ ಒಂದು, ಕಾಯಿ ಬೆಲ್ಲ ಒಂದು ಇಡು. ಅವರವರಿಗೆ ಬೇಕಾದ್ದು ಹಾಕಿಕೊಳ್ಳುತ್ತಾರೆ. ಕಾಫಿಗೆ ಡಿಕಾಕ್ಷನ್ ರಾತ್ರಿಯೇ ಇಳಿಸಿಡು.

ಸಾಗರದ ಹುಡುಗಿ (ಮ್ಯೂನಿಕ್)
ಆಯ್ತಮ್ಮ, ಹಾಗೇ ಮಾಡ್ತೀನಿ. ಹೊಸ ಕಾವಲಿ ಕೊಂಡೆ, ಹೊಸ ಸೌಟೂ ಕೊಂಡೆ. ಅಮ್ಮ ಕಳಿಸಿದ ಜೋನಿ ಬೆಲ್ಲ ಒಂದು ಬಾಟಲಿ ಇದೆ. ಭಾನುವಾರ ಆದ ಮೇಲೆ ಬಂದು ಬರೆಯುತ್ತೇನೆ.

ಸಾಗರದ ಹುಡುಗಿ (ಮ್ಯೂನಿಕ್)
ಆಯ್ತು! ಎಲ್ಲರೂ ಬಂದು ಹೋದರು, ಪಾತ್ರೆ ಇನ್ನೂ ಸಿಂಕಿನಲ್ಲೇ ಇದೆ, ಮೊದಲು ಬರೆಯುತ್ತಿದ್ದೇನೆ.

ಕಲೋನ್ ಗೆಳತಿ ಎಲ್ಲರಿಗಿಂತ ಮುಂಚೆ ಬಂದಳು. ಅಕ್ಕಿ ಪ್ಯಾಕೆಟ್, ಉಪ್ಪು, ಕಾಯಿತುರಿ, ಎಣ್ಣೆ ಎಲ್ಲವನ್ನೂ ಸಾಲಾಗಿ ಇಟ್ಟಿದ್ದೆ. ಅವಳು ಒಂದೊಂದನ್ನೂ ತಿರುಗಿಸಿ ಹಿಂದಿನ ಅಕ್ಷರ ಓದಿದಳು. ಕಾವಲಿ ಹೊಸದು ಅಂತ ಹೇಳಿದೆ, ಬಿಲ್ಲೂ ತೋರಿಸಿದೆ. ಅವಳು ಬಿಲ್ ಹಿಡಿದುಕೊಂಡು ಒಂದು ನಿಮಿಷ ಏನೂ ಮಾತಾಡಲಿಲ್ಲ. ಟರ್ಕಿಯವನು ಪ್ರೀತಿಯಿಂದ ಆರು ಸಿಮಿತ್ ತಂದಿದ್ದ, ಎಳ್ಳು ಹಚ್ಚಿದ ಗೋಧಿ ಬಳೆ ಅದು. ಬಾಗಿಲಲ್ಲೇ ಅವಳನ್ನು ನೋಡಿ, ಚೀಲದ ಬಾಯಿ ಗಂಟು ಹಾಕಿ ಹೊರಗಿನ ಕೊಕ್ಕೆಗೆ ತೂಗುಹಾಕಿ, ಕೈ ತೊಳೆದುಕೊಂಡೇ ಒಳಗೆ ಬಂದ.

ಮೊದಲ ತೆಳ್ಳೇವು ಹರಿಯಿತು. ಶಿರಸಿಯವರು ಹೇಳಿದ ಹಾಗೆ ಈರುಳ್ಳಿ ಉಜ್ಜಿದೆ. ಎರಡನೆಯದು ಅಂಚು ತಾನಾಗಿ ಎದ್ದು ಬಂತು, ತೂತುಗಳಿಂದ ಹಬೆ. ಅದನ್ನು ನಾಲ್ಕು ಮಡಿಕೆ ಮಾಡಿ ಅವಳ ತಟ್ಟೆಗೆ ಹಾಕಿದೆ. "ಎಲ್ಲಿ ಹೋದರೂ ನನ್ನ ತಟ್ಟೆ ಕೊನೆಗೆ ಬರುತ್ತದೆ, ಇವತ್ತು ಮೊದಲು ಬಂತು" ಅಂದಳು. ನನಗೆ ಕಣ್ಣು ತುಂಬಿ ಬಂತು. ಹಿಟ್ಟು ಕದಡುವ ನೆಪದಲ್ಲಿ ತಿರುಗಿಕೊಂಡೆ.

ಪಡಸಾಲೆ ಅವರೇ, ಯಾರೂ ಟೇಬಲ್ ಹತ್ತಿರ ಹೋಗಲೇ ಇಲ್ಲ. ಮಧುರೈ ಹುಡುಗ ಐದನೆಯ ದೋಸೆಗೆ ಸೌಟು ಕಿತ್ತುಕೊಂಡ, ನಾನೂ ತಿಂದೆ.

ಜೋನಿ ಬೆಲ್ಲ ಹಾಕಿದಾಗ ಕಲೋನ್ ಗೆಳತಿ ಬೆರಳಿನಿಂದ ನೆಕ್ಕಿ ನೋಡಿ, "ಇದು ನಮ್ಮ ಅಜ್ಜಿ ಮನೆಯದು!" ಅಂದಳು. ಅವರ ಕಡೆ ಸಕ್ಕರೆ ಬೀಟ್‌ರೂಟಿನ ರಸ ಕಾಯಿಸಿ ಕಪ್ಪಗೆ ಪಾಕ ಮಾಡಿ ಬೆಳಿಗ್ಗೆ ಬ್ರೆಡ್ಡಿಗೆ ಹಚ್ಚುತ್ತಾರಂತೆ. ಕಾಯಿಲೆ ಗೊತ್ತಾದ ಮೇಲೆ ಆ ಬ್ರೆಡ್ ಬಿಟ್ಟಿದ್ದಳು, ಅದರ ಜೊತೆ ಪಾಕವೂ ಬಿಟ್ಟುಹೋಗಿತ್ತು. ಮುಂದಿನ ಸಲ ಒಂದು ಡಬ್ಬ ತರುತ್ತಾಳೆ, ತೆಳ್ಳೇವಿಗೆ.

ನೈಜೀರಿಯಾದ ಗೆಳತಿ ಮೇಲಿನ ಶೆಲ್ಫಿನಲ್ಲಿದ್ದ ನನ್ನ ಪಡ್ಡಿನ ಕಾವಲಿ ನೋಡಿ "ಇದು ನಿನ್ನ ಹತ್ತಿರ ಹೇಗೆ ಬಂತು?" ಅಂತ ಕೇಳಿದಳು. ಅವರ ಊರಲ್ಲಿ ಅಕ್ಕಿ ಹಿಟ್ಟು ಹುಳಿ ಬರಿಸಿ, ಇಂಥದ್ದೇ ಗುಳಿ ಕಾವಲಿಯಲ್ಲಿ ಮಾಸಾ ಅಂತ ಮಾಡುತ್ತಾರಂತೆ. ಫೋನಿನಲ್ಲಿ ಫೋಟೊ ತೋರಿಸಿದಳು. ಪಡ್ಡುವೇ!

ಬೆಣ್ಣೆ ಖಾಲಿ (ದಾವಣಗೆರೆ)
ನಮ್ಮಲ್ಲಿ ಗುಂಡುಪೊಂಗಲು ಅಂತಲೂ ಅಂತಾರೆ. ನೈಜೀರಿಯಾದಲ್ಲೂ ಇದೆ ಅಂತ ಓದಿ ತುಂಬಾ ಖುಷಿ ಆಯ್ತು ಅಕ್ಕ.

ಅಡಿಕೆ ಚಪ್ಪರ (ಶಿರಸಿ)
ಈರುಳ್ಳಿ ಕೆಲಸ ಮಾಡಿತಲ್ಲ, ಸಂತೋಷ.

ಮಗನ ದಾರಿ (ಮೈಸೂರು)
ಓದಿ ಮನಸ್ಸು ತುಂಬಿತು ಮಗಳೇ. ನಿನ್ನ ಅಮ್ಮನಿಗೂ ಇದನ್ನು ಓದಿ ಹೇಳು.

ಪಡಸಾಲೆ (ಬಾಸೆಲ್)
ಒಪ್ಪಿದೆ. ಹಾಟ್‌ಬಾಕ್ಸ್ ಮಾತು ವಾಪಸ್ ತಗೊಂಡೆ.

ಸಾಗರದ ಹುಡುಗಿ (ಮ್ಯೂನಿಕ್)
ಫೆಬ್ರವರಿ ಮೊದಲ ಭಾನುವಾರ ನೈಜೀರಿಯಾದ ಗೆಳತಿ ಮನೆಯಲ್ಲಿ ಮಾಸಾ. ಅಲ್ಲೂ ಹಿಟ್ಟು ಹುಳಿ ಬರಬೇಕು, ಹಾಗಾಗಿ ಓವನ್ ದೀಪದ ವಿಷಯ ಅವಳಿಗೆ ಹೇಳಿದ್ದೇನೆ. ಕಾವಲಿ ನನ್ನದು ಒಯ್ಯುತ್ತೇನೆ.

ಪಥ್ಯದ ಅಡುಗೆ (ಬೆಳಗಾವಿ)
ಆ ಕಾವಲಿಯಲ್ಲಿ ಯಾವತ್ತಾದರೂ ರವೆ ಪಡ್ಡು ಮಾಡಿದ್ದೀರಾ?

ಸಾಗರದ ಹುಡುಗಿ (ಮ್ಯೂನಿಕ್)
ಮಾಡಿದ್ದೇನೆ. ಸರಿ, ಇವತ್ತೇ ಹೊಸದು ಹುಡುಕುತ್ತೇನೆ.